ನಂಬರ್ 8 ಆಡುತ್ತಿದ್ದ ಮಗನಿಗೆ ಕೋಚ್ ಪ್ರಾಪ್ ಆಗು ಅಂತಿದ್ದಾರೆ. ರಗ್ಬಿಯಲ್ಲಿ ಪ್ರಾಪ್ ಆದವನ ಜೀವನ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಓದಿದೆ. ನೀವು ಪ್ರಿಟೋರಿಯಾದಲ್ಲಿದ್ದೀರಿ, ಮಗನಿಗೆ ಹದಿನೆಂಟು, ಶಾಲೆಯ ರಗ್ಬಿ ತಂಡದಲ್ಲಿ ನಂಬರ್ 8 ಆಗಿ, ಅಂದರೆ ಹಿಂದಿನ ಸಾಲಿನಲ್ಲಿ, ಚೆಂಡು ಹಿಡಿದು ಓಡುತ್ತಿದ್ದ. ಈಗ ಕೋಚ್ ಅವನನ್ನು ಮುಂದಿನ ಸಾಲಿಗೆ ಹಾಕಿ ಪ್ರಾಪ್ ಮಾಡುತ್ತೇನೆ ಅಂದಿದ್ದಾರೆ. ಹುಡುಗ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇದು ಕೆಳಗೆ ಇಳಿಸಿದ ಹಾಗಾ, ಇದರಲ್ಲಿ ಬದುಕು ಕಟ್ಟಿಕೊಳ್ಳಲು ಆಗುತ್ತದಾ, ಕತ್ತಿಗೆ ಏನಾದರೂ ಆದರೆ ಏನು ಗತಿ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯವನು. 2007ರಿಂದ ಡರ್ಬನ್‌ನಲ್ಲಿದ್ದೇನೆ. ಇಲ್ಲಿನ ಒಂದು ಚಿಕ್ಕ ಕ್ಲಬ್‌ಗೆ ಆರು ವರ್ಷ ಲೂಸ್‌ಹೆಡ್ ಪ್ರಾಪ್ ಆಗಿ ಆಡಿದ್ದೇನೆ. ದುಡ್ಡಿಗಾಗಿ ಆಡಿದವನಲ್ಲ, ಶನಿವಾರದ ಆಟ ನನ್ನದು. ಆದರೂ ಸ್ಕ್ರಮ್ ಒಳಗೆ ತಲೆ ಇಟ್ಟು ನೋಡಿದ್ದೇನೆ, ದುಡ್ಡಿಗಾಗಿ ಆಡುವವರನ್ನು ಹದಿನೈದು ವರ್ಷಕ್ಕಿಂತ ಜಾಸ್ತಿ ಹತ್ತಿರದಿಂದ ಗಮನಿಸಿದ್ದೇನೆ. ಆ ಅನುಭವದ ಮೇಲೆ ಹೇಳುತ್ತೇನೆ: ಇದು ಕೆಳಗೆ ಇಳಿಸಿದ್ದಲ್ಲ. ನಿಮ್ಮ ಹುಡುಗನ ಕೈಗೆ ಬೇರೆ ಒಂದು ಕಸುಬು ಬರುತ್ತಿದೆ. ಅದನ್ನು ಮೊದಲಿಂದ ಕಲಿಯಬೇಕು, ಕಲಿಯಲು ತುಂಬಾ ವರ್ಷ ಬೇಕು, ಕಲಿತರೆ ತುಂಬಾ ವರ್ಷ ಅನ್ನ ಹಾಕುತ್ತದೆ.

ರಗ್ಬಿ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಚೆಂಡು ಕೈಯಿಂದ ಮುಂದಕ್ಕೆ ಜಾರಿಬಿತ್ತು ಅನ್ನುವಂಥ ಸಣ್ಣ ತಪ್ಪಾದರೆ ಆಟ ಸ್ಕ್ರಮ್‌ನಿಂದ ಮತ್ತೆ ಶುರುವಾಗುತ್ತದೆ. ಎರಡೂ ಕಡೆಯಿಂದ ಎಂಟೆಂಟು ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು, ತಲೆ ಬಗ್ಗಿಸಿ, ಎದುರಿನವರಿಗೆ ಹೆಗಲು ಕೊಟ್ಟು ತಳ್ಳುತ್ತಾರೆ. ಮುಂದಿನ ಸಾಲಿನಲ್ಲಿ ಮೂವರು. ನಡುವೆ ಹುಕ್ಕರ್, ಎರಡು ಪಕ್ಕದಲ್ಲಿ ಎರಡು ಪ್ರಾಪ್. ಒಂದನೇ ನಂಬರಿನವನು ಲೂಸ್‌ಹೆಡ್, ಅವನ ತಲೆಯ ಎಡಪಕ್ಕ ಖಾಲಿ ಇರುತ್ತದೆ. ಮೂರನೇ ನಂಬರಿನವನು ಟೈಟ್‌ಹೆಡ್. ಅವನ ತಲೆ ಎದುರಾಳಿಯ ಲೂಸ್‌ಹೆಡ್ ಮತ್ತು ಹುಕ್ಕರ್ ನಡುವೆ ಸಿಕ್ಕಿಕೊಂಡಿರುತ್ತದೆ, ಇಬ್ಬರ ಭಾರವೂ ಅವನ ಮೇಲೆ. ದೊಡ್ಡ ಪಂದ್ಯಗಳಲ್ಲಿ ಒಂದು ತಂಡದ ಎಂಟು ಜನ ಸೇರಿದರೆ ಸುಮಾರು 900 ಕಿಲೋ ತೂಗುತ್ತಾರೆ. ಅಷ್ಟು ಭಾರ ಹಿಂದಿನಿಂದ ಬಂದು ಎದುರಾಳಿಗೆ ತಗಲುವುದು ಈ ಮೂವರ ಹೆಗಲು, ಕತ್ತು, ಬೆನ್ನಿನ ಮೂಲಕ.

ಒಳಗೆ ಹೇಗಿರುತ್ತದೆ ಅಂತ ಹೇಳುತ್ತೇನೆ, ನಿಮ್ಮ ಹುಡುಗನಿಗೂ ಇದು ಹೊಸದು. ರೆಫರಿ "ಕ್ರೌಚ್" ಅನ್ನುತ್ತಾನೆ, ಮಂಡಿ ಬಗ್ಗಿಸಿ ಕೂರುತ್ತೀರಿ. "ಬೈಂಡ್" ಅನ್ನುತ್ತಾನೆ, ಎಡಗೈ ಚಾಚಿ ಎದುರಿನವನ ಬೆನ್ನಿನ ಜೆರ್ಸಿ ಹಿಡಿಯುತ್ತೀರಿ. ನನ್ನ ಬಲಗಿವಿಗೆ ಅವನ ಬಲಗಿವಿ ತಾಗುತ್ತದೆ. ಅವನ ಉಸಿರು ಕೇಳುತ್ತದೆ. ನೋವಿಗೆ ಹಚ್ಚಿಕೊಂಡ ಮುಲಾಮಿನ ವಾಸನೆ ಮೂಗಿಗೆ ಹೊಡೆಯುತ್ತದೆ, ಕೆಳಗೆ ಹುಲ್ಲು ಮಾತ್ರ ಕಾಣುತ್ತದೆ. ಹಿಂದಿನಿಂದ ಎರಡನೇ ಸಾಲಿನ ಲಾಕ್ ಆಟಗಾರನ ಹೆಗಲು ನನ್ನ ತೊಡೆಯ ಮೇಲ್ಭಾಗಕ್ಕೆ ಬಂದು ಕೂರುತ್ತದೆ. ಒಂದು ಕ್ಷಣ ಎಲ್ಲರೂ ಸ್ತಬ್ಧ. "ಸೆಟ್" ಅಂದ ತಕ್ಷಣ ನಾಲ್ಕು ದಿಕ್ಕಿನಿಂದ ಭಾರ ಬರುತ್ತದೆ. ಆ ಹೊತ್ತಿಗೆ ನಿಮ್ಮ ಸೊಂಟ ಎದುರಿನವನ ಸೊಂಟಕ್ಕಿಂತ ಎರಡು ಬೆರಳು ಕೆಳಗಿದ್ದರೆ ಅವನು ಮೇಲೆ ಏಳುತ್ತಾನೆ. ಎರಡು ಬೆರಳು ಮೇಲಿದ್ದರೆ ನೀವು ಏಳುತ್ತೀರಿ. ಕಾಲು ಒಂದು ಗೇಣು ಹಿಂದಾದರೆ ಮೂಗು ನೆಲಕ್ಕೆ. ಇಷ್ಟೇ ವಿಷಯ. ಇದನ್ನು ಸರಿಯಾಗಿ ಕಲಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ನಮ್ಮ ಊರಿನ ಗರಡಿಯಲ್ಲಿ ತಾತನ ಜೊತೆ ಕೂತು ಕುಸ್ತಿ ನೋಡಿದವನು ನಾನು. ಉಸ್ತಾದರು ಹುಡುಗರಿಗೆ ತೋಳಿನ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಬರೀ ಕಾಲು ಎಲ್ಲಿದೆ ನೋಡು ಅಂತಿದ್ದರು. ಹೊರಗಿನಿಂದ ಬಲಾಬಲ ಅಂತ ಕಾಣುವುದು ಒಳಗೆ ಪಟ್ಟು. ಸ್ಕ್ರಮ್ ಕೂಡ ಹಾಗೆಯೇ.

ಈಗ ನಿಮ್ಮ ಹುಡುಗನಿಗೆ ಹೇಳಲೇಬೇಕಾದ ಹೆಸರು: ಟೆಂಡೈ ಮ್ಟಾವರೀರಾ. ಎಲ್ಲರೂ "ಬೀಸ್ಟ್" ಅಂತಲೇ ಕರೆಯುತ್ತಾರೆ. 1985ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಹುಟ್ಟಿದವರು. ಅಲ್ಲಿಂದ ಡರ್ಬನ್‌ಗೆ ಬಂದು ಇಲ್ಲಿನ ಶಾರ್ಕ್ಸ್ ತಂಡದ ಅಕಾಡೆಮಿ ಸೇರಿದಾಗ ಅವರೂ ಹಿಂದಿನ ಸಾಲಿನಲ್ಲಿ ಚೆಂಡು ಹಿಡಿದು ಓಡುವ ಆಟಗಾರನೇ, ನಿಮ್ಮ ಮಗನ ಹಾಗೆ. ಶಾರ್ಕ್ಸ್ ಕೋಚ್ ಆಗಿದ್ದ ಡಿಕ್ ಮ್ಯೂರ್, ಬೀಸ್ಟ್ ಅವರನ್ನು ಪ್ರಾಪ್ ಮಾಡಿದರು. ಬೀಸ್ಟ್ ಅದನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಯಾರು ತಾನೇ ಒಪ್ಪುತ್ತಾರೆ? ಓಡುವವನಿಗೆ ತಳ್ಳು ಅಂದರೆ ಬೇಜಾರು ಆಗೇ ಆಗುತ್ತದೆ. ಆದರೆ ಒಪ್ಪಿಕೊಂಡ ಮೇಲೆ 2008ರ ಜೂನ್‌ನಲ್ಲಿ ವೇಲ್ಸ್ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ ಆಡಿದರು. ಕೊನೆಗೆ 117 ಟೆಸ್ಟ್, ಅಂದರೆ ದೇಶದ ಪರ 117 ಅಂತರರಾಷ್ಟ್ರೀಯ ಪಂದ್ಯ, ಆಡಿ ನಿಲ್ಲಿಸಿದರು. ಹಿಂದಿನ ಸಾಲಿನಲ್ಲೇ ಉಳಿದಿದ್ದರೆ ಅಷ್ಟು ಆಡುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

2009ರ ಜೂನ್ 20. ಡರ್ಬನ್‌ನ ಕಿಂಗ್ಸ್ ಪಾರ್ಕ್‌ನಲ್ಲಿ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ವಿರುದ್ಧ ಮೊದಲ ಟೆಸ್ಟ್. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಆಟಗಾರರು ಸೇರಿದ ಈ ತಂಡ ದಕ್ಷಿಣ ಆಫ್ರಿಕಾಕ್ಕೆ ಬರುವುದೇ ಹನ್ನೆರಡು ವರ್ಷಕ್ಕೊಮ್ಮೆ. ಸಹೋದ್ಯೋಗಿಯೊಬ್ಬರು ಟಿಕೆಟ್ ಕೊಡಿಸಿದ್ದರು. ನನಗೆ ಆಗ ನಿಯಮ ಅರ್ಧಂಬರ್ಧ ಗೊತ್ತು. ಒಂದನೇ ನಂಬರಿನವರು ಚೆಂಡು ಮುಟ್ಟಿದಾಗಲೆಲ್ಲ ಇಡೀ ಮೈದಾನ "ಬೀ..." ಅಂತ ಎಳೆದು ಕೂಗುತ್ತಿತ್ತು. ಪಾಪ, ತಮ್ಮದೇ ಆಟಗಾರನನ್ನು ಯಾಕೆ ಹೀಗೆ ಮೂದಲಿಸುತ್ತಾರೆ ಅಂದುಕೊಂಡೆ. ಪಕ್ಕದವರು ನನ್ನ ಕಿವಿಯ ಹತ್ತಿರ ಬಂದು, ಅದು ಅವರ ಹೆಸರು, ಪ್ರೀತಿಯ ಕೂಗು ಅಂತ ಹೇಳಿದರು.

ಎದುರಿಗೆ ಟೈಟ್‌ಹೆಡ್ ಆಗಿ ಫಿಲ್ ವಿಕರಿ. ಸಾಮಾನ್ಯರಲ್ಲ. 2003ರ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದಲ್ಲಿದ್ದವರು, 2007ರ ಫೈನಲ್‌ಗೆ ಇಂಗ್ಲೆಂಡ್ ನಾಯಕರಾಗಿದ್ದವರು. ಅಂಥವರನ್ನು ಬೀಸ್ಟ್ ಸ್ಕ್ರಮ್ ಮೇಲೆ ಸ್ಕ್ರಮ್ ಮೇಲೆತ್ತಿ ಹಿಂದಕ್ಕೆ ನಡೆಸಿದರು. ಸ್ಕ್ರಮ್‌ನಲ್ಲಿ ಸೋತವರು ತಪ್ಪು ಮಾಡಿ ಎದುರಾಳಿಗೆ ಪೆನಾಲ್ಟಿ ಮೇಲೆ ಪೆನಾಲ್ಟಿ. ಎರಡನೇ ಅವಧಿ ಶುರುವಾದ ಸ್ವಲ್ಪ ಹೊತ್ತಿಗೆ ವಿಕರಿಯವರನ್ನು ಹೊರಗೆ ಕರೆದು ಆಡಮ್ ಜೋನ್ಸ್ ಅವರನ್ನು ಇಳಿಸಿದರು. ದಕ್ಷಿಣ ಆಫ್ರಿಕಾ 26-21ರಿಂದ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ ಒಬ್ಬ ಪ್ರಾಪ್. ಇಡೀ ಪಂದ್ಯದಲ್ಲಿ ನನ್ನ ಕಣ್ಣು ಚೆಂಡಿನ ಮೇಲೆ ಇದ್ದದ್ದಕ್ಕಿಂತ ಆ ಇಬ್ಬರ ಮೇಲೆ ಇದ್ದದ್ದೇ ಜಾಸ್ತಿ. ಮುಂದಿನ ವರ್ಷ ನಾನು ಕ್ಲಬ್ ಸೇರಿದ್ದಕ್ಕೆ ಆ ಮಧ್ಯಾಹ್ನವೇ ಕಾರಣ.

ಆದರೆ ಈ ಕಥೆಯ ಇನ್ನೊಂದು ತುದಿಯನ್ನು ಜನ ಮರೆಯುತ್ತಾರೆ. ಎರಡು ವಾರದ ನಂತರ ಜೋಹಾನ್ಸ್‌ಬರ್ಗ್‌ನ ಎಲಿಸ್ ಪಾರ್ಕ್‌ನಲ್ಲಿ ಮೂರನೇ ಟೆಸ್ಟ್. ಜಗತ್ತೆಲ್ಲ ನೋಡಿದ ಅವಮಾನದ ಮೇಲೆ ವಿಕರಿ ಮತ್ತೆ ಅದೇ ಮೂರನೇ ನಂಬರ್ ಜೆರ್ಸಿ ಹಾಕಿಕೊಂಡು ಅದೇ ಬೀಸ್ಟ್ ಎದುರಿಗೆ ಬಂದರು. ಈ ಸಲ ಅಲುಗಲಿಲ್ಲ. ಲಯನ್ಸ್ 28-9ರಿಂದ ಗೆದ್ದಿತು. ನಿಮ್ಮ ಹುಡುಗನಿಗೂ ಮೊದಲ ವರ್ಷ ಯಾರೋ ಒಬ್ಬರು ಹೀಗೆ ಮೇಲೆತ್ತಿ ಹಾಕುತ್ತಾರೆ. ಅಪ್ಪ ಅಮ್ಮ ಮೈದಾನದ ಪಕ್ಕದಲ್ಲೇ ನಿಂತಿರುತ್ತೀರಿ. ಆ ದಿನ ಕಾರಿನಲ್ಲಿ ಮನೆಗೆ ಬರುವಾಗ ಹೇಳಲು ವಿಕರಿಯವರ ಈ ಎರಡು ವಾರದ ಕಥೆ ಇಟ್ಟುಕೊಂಡಿರಿ.

ಪ್ರಾಪ್ ಬೇಗ ಹಣ್ಣಾಗುವುದಿಲ್ಲ. ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಇಪ್ಪತ್ತೊಂದಕ್ಕೆ ದೇಶಕ್ಕೆ ಆಡಿ ಹೆಸರು ಮಾಡಬಹುದು. ಇಪ್ಪತ್ತೊಂದರ ಪ್ರಾಪ್ ಇನ್ನೂ ಶಿಷ್ಯನೇ. ಸಾಮಾನ್ಯವಾಗಿ ಇಪ್ಪತ್ತೇಳು, ಇಪ್ಪತ್ತೆಂಟು ದಾಟಿದ ಮೇಲೆಯೇ ಅವನು ನಿಜವಾಗಿ ಗಟ್ಟಿಯಾಗುವುದು. ಹಾಗಾಗಿ ಮುಂದಿನ ಎರಡು ಮೂರು ವರ್ಷ ಜೊತೆಯ ಹುಡುಗರು ಮುಂದೆ ಹೋಗುತ್ತಾರೆ, ನಿಮ್ಮವನು ಹಿಂದುಳಿದ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲೇ ಬಹಳ ಮನೆಯವರು ಬೇಡ ಬಿಡು ಅಂದುಬಿಡುತ್ತಾರೆ.

ಇದಕ್ಕೆ ಇಂಗ್ಲೆಂಡಿನ ಡ್ಯಾನ್ ಕೋಲ್ ಒಳ್ಳೆ ಉದಾಹರಣೆ. 2019ರ ನವೆಂಬರ್ 2, ಯೋಕೋಹಾಮಾದಲ್ಲಿ ವಿಶ್ವಕಪ್ ಫೈನಲ್. ಆಟ ಶುರುವಾಗಿ ಮೂರು ನಿಮಿಷದೊಳಗೆ ಇಂಗ್ಲೆಂಡಿನ ಟೈಟ್‌ಹೆಡ್ ಕೈಲ್ ಸಿಂಕ್ಲರ್ ತಲೆಗೆ ಪೆಟ್ಟು ಬಿದ್ದು ಹೊರಗೆ ಹೋದರು. ಮುಂದಿನ ಸಾಲಿನ ಜಾಗಕ್ಕೆ ಆ ಜಾಗದ ತರಬೇತಿ ಇರುವವರೇ ಬರಬೇಕು, ಅದು ನಿಯಮ, ಜೀವದ ಪ್ರಶ್ನೆ ಅದು. ಬೆಂಚಿನಲ್ಲಿದ್ದ ಟೈಟ್‌ಹೆಡ್ ಕೋಲ್ ಒಬ್ಬರೇ. ಈಗಿನ ಕಾಲದಲ್ಲಿ ಪ್ರಾಪ್ ಐವತ್ತು ನಿಮಿಷ ಆಡಿ ದಣಿದು ಹೊರಗೆ ಬರುವುದು ರೂಢಿ. ಕೋಲ್ ಉಳಿದಷ್ಟೂ ಹೊತ್ತು ಒಬ್ಬರೇ ನಿಲ್ಲಬೇಕಾಯಿತು. ಎದುರಿಗೆ ಮೊದಲು ಬೀಸ್ಟ್, ಅವರು ದಣಿದ ಮೇಲೆ ಬೆಂಚಿನಿಂದ ಹೊಸ ಉಸಿರಿನ ಸ್ಟೀವನ್ ಕಿಟ್ಸ್‌ಹಾಫ್. ಇಂಗ್ಲೆಂಡ್ ಸ್ಕ್ರಮ್ ಕುಸಿಯಿತು, ಪಂದ್ಯ 32-12. ಮೂವತ್ತೆರಡು ವಯಸ್ಸಿನ ಕೋಲ್ ಕಥೆ ಮುಗಿಯಿತು ಅಂದರು ಎಲ್ಲರೂ. ಮೂರು ವರ್ಷ ಇಂಗ್ಲೆಂಡ್ ಅವರನ್ನು ಕರೆಯಲೂ ಇಲ್ಲ. ಅವರು ತಮ್ಮ ಲೆಸ್ಟರ್ ಕ್ಲಬ್‌ಗೆ ವಾರ ವಾರ ಆಡುತ್ತಾ ಹೋದರು. 2023ರಲ್ಲಿ ಮತ್ತೆ ಕರೆ ಬಂತು, ಆಗ ವಯಸ್ಸು ಮೂವತ್ತೈದು. 2025ರಲ್ಲಿ ಮೂವತ್ತೆಂಟಕ್ಕೆ ಆಟ ನಿಲ್ಲಿಸುವಾಗ ಇಂಗ್ಲೆಂಡ್ ಪರ 118 ಪಂದ್ಯ ಆಗಿದ್ದವು.

ಆ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಹ್ಯಾಂಡ್ರೆ ಪೊಲಾರ್ಡ್ ಆರು ಪೆನಾಲ್ಟಿ ಒದ್ದರು. ಅದರಿಂದಲೇ ಹದಿನೆಂಟು ಅಂಕ ಅವರ ಹೆಸರಿಗೆ. ಅದರಲ್ಲಿ ಪ್ರಾಪ್‌ಗಳ ಬೆವರು ಎಷ್ಟಿತ್ತು ಅಂತ ಅಂಕಪಟ್ಟಿಯಲ್ಲಿ ಬರೆಯುವುದಿಲ್ಲ. ನ್ಯೂಜಿಲೆಂಡಿನ ಓವನ್ ಫ್ರಾಂಕ್ಸ್ 108 ಟೆಸ್ಟ್ ಆಡಿದರು, ಎರಡು ವಿಶ್ವಕಪ್ ಗೆದ್ದರು, ಒಂದೇ ಒಂದು ಟ್ರೈ ಹೊಡೆಯಲಿಲ್ಲ, ಅಂದರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸಲಿಲ್ಲ. ಅವರನ್ನು ಯಾರೂ ಕಡಿಮೆ ಆಟಗಾರ ಅನ್ನುವುದಿಲ್ಲ. ನಿಮ್ಮ ಮಗ ಟ್ರೈ ಹೊಡೆದು ಅಭ್ಯಾಸ ಆದವನು, ಅವನಿಗೆ ಇದು ಕಷ್ಟ ಆಗುತ್ತದೆ. ನಿಜ ಹೇಳಬೇಕೆಂದರೆ ಪ್ರಾಪ್‌ನ ಕೆಲಸ ಚೆನ್ನಾಗಿತ್ತಾ ಇಲ್ಲವಾ ಅಂತ ಸರಿಯಾಗಿ ಗೊತ್ತಿರುವುದು ಅವನ ಎದುರಿಗಿದ್ದವನಿಗೆ ಮಾತ್ರ. ಪಂದ್ಯ ಮುಗಿದ ಮೇಲೆ ಎದುರಾಳಿ ಪ್ರಾಪ್ ಹುಡುಕಿಕೊಂಡು ಬಂದು ಕೈ ಕೊಟ್ಟರೆ ಅದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಾಗಿಲ್ಲ. ನನಗೆ ಹಾಗೆ ಆರು ವರ್ಷದಲ್ಲಿ ಎರಡು ಸಲ ಆಗಿದೆ. ಎರಡೂ ಕೈ ಇನ್ನೂ ನೆನಪಿವೆ.

ದಿನಚರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಭಾರ ಎತ್ತುವುದು, ಸ್ಕ್ರಮ್ ಮೆಷಿನ್ ತಳ್ಳುವುದು, ಕತ್ತಿನ ಕಸರತ್ತು, ವಿಡಿಯೋ ನೋಡುವುದು, ತಿನ್ನುವುದು, ಮಲಗುವುದು. ತೂಕ 115, 120 ಕಿಲೋ ಆಗಬೇಕು, ಆದರೆ ಆ ಮೈ ಹೊತ್ತುಕೊಂಡು ಓಡಲೂ ಬೇಕು, ಟ್ಯಾಕಲ್ ಮಾಡಲೂ ಬೇಕು. ಸುಮ್ನೆ ತಿಂದು ಊದಿಕೊಂಡರೆ ಆಗುವುದಿಲ್ಲ. ಅನ್ನ ಸಾರು ಬಿಡಿಸಬೇಡಿ, ಅದರ ಜೊತೆ ಮೊಟ್ಟೆ, ಕೋಳಿ, ಬೇಳೆ ಜಾಸ್ತಿ ಮಾಡಿ. ಕಿವಿ ಮಾತ್ರ ಹಾಳಾಗುತ್ತದೆ. ತಲೆ ತಲೆ ಉಜ್ಜಿ ಕಿವಿಯೊಳಗೆ ರಕ್ತ ಕಟ್ಟಿ ಗಟ್ಟಿಯಾಗುತ್ತದೆ. ನಮ್ಮ ಪೈಲ್ವಾನರ ಮುರುಟಿದ ಕಿವಿ ನೋಡಿದ್ದೀರಲ್ವಾ, ಅದೇ. ಅಂದಹಾಗೆ ಫ್ರಾನ್ಸಿನ ಕ್ಲಬ್‌ಗಳಲ್ಲಿ ಜಾರ್ಜಿಯಾ ದೇಶದ ಪ್ರಾಪ್‌ಗಳು ತುಂಬಾ ಜನ ಇದ್ದಾರೆ. ಜಾರ್ಜಿಯಾ ಕೂಡ ಕುಸ್ತಿಯ ನಾಡು. ಅದನ್ನು ತಿಳಿದಾಗ ನನಗೆ ತಾತನ ನೆನಪಾಗಿತ್ತು.

ದುಡ್ಡಿನ ವಿಷಯ. ಒಪ್ಪಂದ ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಮುಗಿದಾಗ ಮತ್ತೆ ಸಹಿ ಆಗುತ್ತದೆ ಅನ್ನುವ ಗ್ಯಾರಂಟಿ ಯಾರಿಗೂ ಇಲ್ಲ. ಆದರೆ ಒಳ್ಳೆ ಪ್ರಾಪ್, ಅದರಲ್ಲೂ ಒಳ್ಳೆ ಟೈಟ್‌ಹೆಡ್, ಎಲ್ಲ ದೇಶದಲ್ಲೂ ಕೊರತೆ. ಪ್ರತಿ ತಂಡಕ್ಕೂ ಆಡುವ ಇಬ್ಬರು, ಬೆಂಚಿನಲ್ಲಿ ಇಬ್ಬರು ಬೇಕೇ ಬೇಕು, ಗಾಯಕ್ಕೆ ಇನ್ನೂ ಒಂದಿಬ್ಬರು. ಹಾಗಾಗಿ ಮೂವತ್ತು ದಾಟಿದ ಮೇಲೂ ಕೆಲಸ ಸಿಗುತ್ತದೆ. ಇಲ್ಲಿನ ಹುಡುಗರು ಕೆಲವು ವರ್ಷ ಫ್ರಾನ್ಸ್, ಇಂಗ್ಲೆಂಡ್, ಜಪಾನ್ ಕಡೆ ಹೋಗಿ ದುಡಿದು ಬರುತ್ತಾರೆ. ಕಿಟ್ಸ್‌ಹಾಫ್ ಕೂಡ ಚಿಕ್ಕ ವಯಸ್ಸಿನಲ್ಲೇ ಫ್ರಾನ್ಸಿನ ಬೋರ್ಡೋಗೆ ಹೋಗಿ ಎರಡು ವರ್ಷ ಆಡಿ ಬಂದವರು. ಇವೆಲ್ಲ ಮೇಲಕ್ಕೆ ತಲುಪಿದವರ ಮಾತು. ಶಾಲೆಯಲ್ಲಿ ಚೆನ್ನಾಗಿ ಆಡುವ ನೂರಾರು ಹುಡುಗರಲ್ಲಿ ಒಪ್ಪಂದ ಸಿಗುವುದು ಕೆಲವರಿಗೆ ಮಾತ್ರ. ಆದ್ದರಿಂದ ಓದು ಬಿಡಿಸಬೇಡಿ. ಡಿಗ್ರಿ ಮುಗಿಸಿಕೊಂಡೇ ಆಡಲಿ, ಪ್ರಾಪ್‌ಗೆ ಹೇಗೂ ಸಮಯ ಇದೆ.

ಈಗ ಕತ್ತು. ಇದರಲ್ಲಿ ನಾನು ಏನೂ ಮುಚ್ಚಿಡುವುದಿಲ್ಲ.

2005ರಲ್ಲಿ ಮ್ಯಾಟ್ ಹ್ಯಾಂಪ್ಸನ್ ಅನ್ನುವ ಇಪ್ಪತ್ತು ವರ್ಷದ ಪ್ರಾಪ್, ಇಂಗ್ಲೆಂಡ್ 21ರೊಳಗಿನ ತಂಡದ ತರಬೇತಿಯಲ್ಲಿ ಸ್ಕ್ರಮ್ ಕುಸಿದು ಕತ್ತಿನ ಕೆಳಗೆ ಪೂರ್ತಿ ಸ್ವಾಧೀನ ಕಳೆದುಕೊಂಡರು. ಅಂದು ರೆಫರಿ ಆಗಿದ್ದ ಟೋನಿ ಸ್ಪ್ರೆಡ್‌ಬರಿ ಆಂಬ್ಯುಲೆನ್ಸ್ ಕೆಲಸ ಗೊತ್ತಿದ್ದವರು, ಅವರಿಂದ ಜೀವ ಉಳಿಯಿತು. ಹ್ಯಾಂಪ್ಸನ್ ಉಸಿರಾಟದ ಯಂತ್ರದ ನೆರವಿನಲ್ಲೇ ಬದುಕುತ್ತಾ, ಆಟದಲ್ಲಿ ಹೀಗೆ ಗಾಯಗೊಂಡ ಯುವಕರಿಗಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು. ನಾನು ಮೇಲೆ ಹೇಳಿದ ಕಿಟ್ಸ್‌ಹಾಫ್ ಎರಡು ವಿಶ್ವಕಪ್ ಗೆದ್ದವರು. 2024ರಲ್ಲಿ ಕತ್ತಿಗೆ ಗಾಯವಾಗಿ 2025ರ ಶುರುವಿನಲ್ಲಿ ಆಟವನ್ನೇ ಬಿಡಬೇಕಾಯಿತು. ಪ್ರಾಪ್ ಆಗಿ ಇನ್ನೂ ಕೆಲವು ವರ್ಷ ಉಳಿದಿದ್ದ ವಯಸ್ಸು. ವಿಕರಿಯವರೂ 2010ರಲ್ಲಿ ಬಿಟ್ಟದ್ದು ಕತ್ತಿನ ಕಾರಣಕ್ಕೇ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನ ಬಗ್ಗೆ ಮಾಜಿ ಆಟಗಾರರು ಹೂಡಿರುವ ಮೊಕದ್ದಮೆಯಲ್ಲಿ ಅವರ ಹೆಸರೂ ಇದೆ.

ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. ಮುಂಚೆ ಎರಡು ತಂಡ ದೂರದಿಂದ ಗೂಳಿಗಳ ಹಾಗೆ ಬಂದು ಢೀ ಹೊಡೆಯುತ್ತಿದ್ದವು. 2013ರಿಂದ ಮೊದಲು ಎದುರಿನವನನ್ನು ಹಿಡಿದುಕೊಂಡೇ ನಂತರ ಸೇರಬೇಕು. ಆ ಮೊದಲ ಹೊಡೆತ ಕಡಿಮೆಯಾಗಿದೆ. ದಕ್ಷಿಣ ಆಫ್ರಿಕಾದಲ್ಲಿ ಕೋಚ್ ಮತ್ತು ರೆಫರಿ ಬೋಕ್‌ಸ್ಮಾರ್ಟ್ ಅನ್ನುವ ಸುರಕ್ಷತೆಯ ತರಬೇತಿ ಮಾಡಲೇಬೇಕು.

ನನ್ನದು ಚಿಕ್ಕ ಕಥೆ, ಆದರೂ ಹೇಳುತ್ತೇನೆ. ಮೂರನೇ ವರ್ಷ ಒಂದು ಸ್ಕ್ರಮ್ ಕುಸಿದಾಗ ಕತ್ತಿನಿಂದ ಎಡಗೈ ಬೆರಳ ತುದಿವರೆಗೆ ಕರೆಂಟ್ ಹೊಡೆದ ಹಾಗೆ ಆಯಿತು. ಅಂದು ತೋರಿಸಿದ ಡಾಕ್ಟರ್ ನೋವಿನ ಮಾತ್ರೆ ಕೊಟ್ಟು, ಒಂದು ವಾರದಲ್ಲಿ ಆಡಬಹುದು ಅಂದರು. ಆಡಿದೆ. ಹೆಬ್ಬೆರಳಿಗೆ ನಾಲ್ಕು ತಿಂಗಳು ಸ್ಪರ್ಶವೇ ಇರಲಿಲ್ಲ, ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿ ಬೇಕಾಗಿತ್ತು. ಬೇರೆ ಡಾಕ್ಟರ್ ಸ್ಕ್ಯಾನ್ ಮಾಡಿಸಿ ಆರು ತಿಂಗಳು ನಿಲ್ಲಿಸಿದರು, ಆಮೇಲೆ ಸರಿಯಾಯಿತು. ಕೈಗೆ ಕರೆಂಟ್ ಹೊಡೆದ ಹಾಗಾದರೆ, ಜೋಮು ಹಿಡಿದರೆ, ಆ ಕ್ಷಣವೇ ಆಟ ನಿಲ್ಲಿಸಬೇಕು. ಯಾರು ಏನೇ ಹೇಳಲಿ. ಇದನ್ನು ಹುಡುಗನಿಂದ ಮಾತು ತೆಗೆದುಕೊಳ್ಳಿ. ಪ್ರಾಪ್‌ಗಳು ನೋವು ಹೇಳಿಕೊಳ್ಳುವ ಜಾತಿ ಅಲ್ಲ, ಅದೇ ದೊಡ್ಡ ಅಪಾಯ.

ಆಟ ಮುಗಿದ ಮೇಲಿನ ಬದುಕಿಗೆ ಇಂಗ್ಲೆಂಡಿನ ಪ್ರಾಪ್ ಆಗಿದ್ದ ಜೇಸನ್ ಲೆನರ್ಡ್ ಕಡೆ ನೋಡಿ. ರಗ್ಬಿಯಲ್ಲಿ ಸಂಬಳ ಕೊಡುವುದು ಶುರುವಾದದ್ದೇ 1995ರಲ್ಲಿ. ಅದಕ್ಕೆ ಮುಂಚೆ ಅವರು ಬಡಗಿ ಕೆಲಸ ಮಾಡಿಕೊಂಡು ಇಂಗ್ಲೆಂಡಿಗೆ ಆಡಿದವರು. 1992ರಲ್ಲಿ ಕತ್ತಿನ ಡಿಸ್ಕ್ ಹೋಗಿ, ಸೊಂಟದಿಂದ ಮೂಳೆ ತೆಗೆದು ಕತ್ತಿಗೆ ಕೂರಿಸಿದರು. ಅದಾದ ಮೇಲೆ ಇನ್ನೂ ಹನ್ನೊಂದು ವರ್ಷಕ್ಕೂ ಜಾಸ್ತಿ ಆಡಿ, ಎರಡೂ ಪಕ್ಕದ ಪ್ರಾಪ್ ಆಗಿ, ಇಂಗ್ಲೆಂಡ್ ಪರ 114 ಪಂದ್ಯ ಮುಗಿಸಿದರು. ಮೂವತ್ತೈದನೇ ವಯಸ್ಸಿನಲ್ಲಿ 2003ರ ಫೈನಲ್‌ಗೆ ಬೆಂಚಿನಿಂದ ಇಳಿದು, ಅಲುಗುತ್ತಿದ್ದ ಸ್ಕ್ರಮ್ ಅನ್ನು ನಿಲ್ಲಿಸಿದರು. ಆಮೇಲೆ ಇಂಗ್ಲೆಂಡ್ ರಗ್ಬಿ ಯೂನಿಯನ್ ಅಧ್ಯಕ್ಷರೂ ಆದರು.

ಕೋಚ್ ಹತ್ತಿರ ನೀವು ಮೂರು ವಿಷಯ ಕೇಳಿ. ಒಂದನೇ ನಂಬರಾ, ಮೂರನೇ ನಂಬರಾ? ಎರಡೂ ಬೇರೆ ಬೇರೆ ಕಸುಬು. ಬೋಕ್‌ಸ್ಮಾರ್ಟ್ ಸರ್ಟಿಫಿಕೇಟ್ ಇದೆಯಾ? ಮತ್ತೆ, ಪಂದ್ಯಕ್ಕೆ ಇಳಿಸುವ ಮುಂಚೆ ಎಷ್ಟು ವಾರ ಬರೀ ಕತ್ತು ಮತ್ತು ಬೆನ್ನಿನ ತಯಾರಿ ಮಾಡಿಸುತ್ತಾರೆ? ಮುಂದಿನ ಶನಿವಾರವೇ ಆಡಿಸುತ್ತೇನೆ ಅಂದರೆ ಬೇಡ ಅನ್ನಿ, ಧೈರ್ಯವಾಗಿ ಅನ್ನಿ. ಮೂರು ತಿಂಗಳು ಬೇಕು ಅಂದರೆ ಆ ಕೋಚ್‌ಗೆ ಕೆಲಸ ಗೊತ್ತಿದೆ.

ಇವತ್ತು ರಾತ್ರಿ ಹುಡುಗನನ್ನು ಊಟಕ್ಕೆ ಕೂರಿಸಿ 2009ರ ಡರ್ಬನ್ ಟೆಸ್ಟ್ ಹಾಕಿ. ಚೆಂಡು ಬಿಟ್ಟು ಹಸಿರು ಜೆರ್ಸಿಯ ಒಂದನೇ ನಂಬರನ್ನು ಮಾತ್ರ ನೋಡಲು ಹೇಳಿ. ಅವನು ತಟ್ಟೆ ಪಕ್ಕಕ್ಕಿಟ್ಟು ಸ್ಕ್ರಮ್ ಒಂದನ್ನು ಹಿಂದಕ್ಕೆ ಓಡಿಸಿ ಎರಡನೇ ಸಲ ನೋಡಿದರೆ, ನನಗೆ ಇಲ್ಲೇ ಬರೆದು ತಿಳಿಸಿ. ಕಿವಿಗೆ ಟೇಪ್ ಹೇಗೆ ಸುತ್ತಬೇಕು ಅನ್ನುವುದರಿಂದ ಶುರುಮಾಡಿ ಎಲ್ಲ ಹೇಳಿಕೊಡುತ್ತೇನೆ.